ಅಮಾಸಿಗೊಮ್ಮೆ ಕೈ ಕೊಡೋ ಸರ್ವರ್

ಕಂಪ್ಯೂಟರ್ ರಿಪೇರಿ ಮಾಡೋರ ಬಾಳೇನ ಹಂಗರಿ: ಕೆಟ್ಟಿದ್ದು ಒಂದು ಕಡೆ, ನಾವು ಬಿಚ್ಚಿ ನೋಡೂದು ಇನ್ನೊಂದು ಕಡೆ. ಎರಡು ಸಾವಿರದ ಇಸವಿ ಆದಮ್ಯಾಲೆ ಹುಬ್ಬಳ್ಳ್ಯಾಗ ಓಣಿಗೊಂದು ಇಂಟರ್ನೆಟ್ ಸೆಂಟರ್ ಆಗಿದ್ವು. ಅಮರಗೋಳದಾಗ ಹತ್ತಿ ವ್ಯಾಪಾರದ ಮನಿತನದವರೊಬ್ಬರು ಮುಂದಿನ ಖೋಲ್ಯಾಗ ಒಂದು ತಗದಿದ್ರು. ಅಲ್ಲಿಗೆ ಹೋದಷ್ಟು ನಾ ನನ್ನ ಬೀಗರ ಮನಿಗೂ ಹೋಗಿಲ್ಲ.

ವಿಳಾಸ ಹೇಳಾಂವ

"ಸರ, ಲೈನ್ ಐತಿ, ನೆಟ್ ಇಲ್ಲ. ಲಗೂ ಬರ್ರಿ," ಅಂತ ಮಾಲಕರು ಫೋನ್ ಮಾಡಿದ್ರು.

ಎಲ್ಲಾ ಕಂಪ್ಯೂಟರಿಗೂ ನೆಟ್ ಹಂಚೋ ಪ್ರಾಕ್ಸಿ ಸರ್ವರ್ ನೋಡಿದೆ. ಕನೆಕ್ಷನ್ ಹೊಸ ಕಂಪನೀದು, ಒಳಗಿನ ಡಿ.ಎನ್.ಎಸ್. ವಿಳಾಸ ಮಾತ್ರ ಹಳೇ ಕಂಪನೀದು.

"ನಾವು ವೆಬ್‌ಸೈಟಿನ ಹೆಸರು ಹೇಳಿದ್ರ, ಅದರ ನಂಬರ್ ಹುಡುಕಿ ಕೊಡಾಂವ ಒಬ್ಬ ಇರ್ತಾನ್ರಿ. ನಿಮ್ಮ ಸರ್ವರ್ ಇನ್ನೂ ಹಳೇ ಮನಷ್ಯಾನ್ನ ಕೇಳಾಕತ್ತೈತಿ. ಅಂವ ಬಾಯಿ ಬಿಡವಲ್ಲ," ಅಂದೆ.

ಮಾಲಕರು ಗಿರಾಕಿಗಳ ಕಡೆ ತಿರುಗಿ, "ವಿಳಾಸ ಹೇಳಾಂವ ಎದ್ದು ಹೋಗ್ಯಾನ್ರಿ, ಸ್ವಲ್ಪ ಕೂಡ್ರಿ," ಅಂದ್ರು.

ಒಬ್ಬ ಗಿರಾಕಿಗೆ ಸಿಟ್ಟು ಬಂತು. "ಒಬ್ಬನ್ನ ನಂಬಿ ಯಾಕ ಅಂಗಡಿ ತಗದೀರಿ? ಇನ್ನೊಬ್ಬನ್ನ ಇಟ್ಕೊಳ್ರಿ!"

ಖರೇ ಹೇಳ್ತೇನಿ, ಅದಕ್ಕಿಂತ ಛಲೋ ಸಲಹಾ ನನ್ನ ಹಂತೇಕೂ ಇರಲಿಲ್ಲ. ಎರಡು ಹೊಸ ವಿಳಾಸ ಹಾಕಿ ಬಂದೆ.

ಕ್ಯಾಲೆಂಡರ್

ಮುಂದಿನ ತಿಂಗಳು ಮತ್ತ ಫೋನ್. ಹೋಗಿ ನೋಡಿದ್ರ ಹಳೇ ವಿಳಾಸನ ವಾಪಸ್ ಬಂದು ಕುಂತೈತಿ!

"ಯಾರ್ರೀ ಇದನ್ನ ಮುಟ್ಟಿದವ್ರು?"

"ದೇವರಾಣಿ ಯಾರೂ ಮುಟ್ಟಿಲ್ರಿ," ಅಂದ್ರು ಮಾಲಕರು.

ಒಳಗಿಂದ ಅವರ ಅವ್ವ, ಮನಿ ಅಜ್ಜಿ, ಬಂದ್ಲು. "ಇವತ್ತ ಅಮಾಸಿ ಐತೋ ತಮ್ಮಾ. ಅಮಾಸಿಗೆ ಅದು ನಡ್ಯಾಂಗಿಲ್ಲ. ನೀ ಮದಲ ಹೋಳಿಗಿ ತಿನ್ನು."

ನಕ್ಕೆ, ತಿಂದೆ, ಸರಿ ಮಾಡಿ ಬಂದೆ. ಮುಂದಿನ ಅಮಾಸಿಗೂ ಅದ ಗೋಳು, ಅದ ಹೋಳಿಗಿ. ಇಂಜಿನಿಯರಿಂಗ್ ಓದಿದ ನಾನು ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿ ಬ್ಯಾಗ್ ತುಂಬಾಕ ಶುರು ಮಾಡಿದೆ!

ರಿಸಲ್ಟ್

ಪಿ.ಯು. ರಿಸಲ್ಟ್ ಸರಿಯಾಗಿ ಅಮಾಸಿ ದಿನಾನ ಬರಬೇಕ? ಮಾಲಕರ ಮಗಳು ಹಿಂದಿನ ವರ್ಷ ಗಣಿತದಾಗ ಫೇಲಾಗಿ, ಮತ್ತ ಪರೀಕ್ಷಾ ಕಟ್ಟಿದ್ಲು. ಈ ಸಲಾನೂ ಹೋದ್ರ ಕಾಲೇಜು ಸಾಕು ಅಂತ ಅಪ್ಪ ಹೇಳಿಬಿಟ್ಟಿದ್ರು. ಪಾಪ ಹುಡುಗಿ! ಅದಕ್ಕ ಈ ಸಲ ಫೋನ್ ಬರೂಕಿಂತ ಮೊದಲ ಹೋಗಿ ಸರ್ವರ್ ಮುಂದ ಕಾವಲು ಕುಂತೆ.

ಅಜ್ಜಿ ಆರತಿ ತಾಟು ಹಿಡಕೊಂಡು ಬಂದ್ಲು. ಸೀದಾ ಸರ್ವರ್ ಬಟನ್ ಒತ್ತಿ ಬಂದ್ ಮಾಡಿದ್ಲು! ವಿಭೂತಿ ಹಚ್ಚಿದ್ಲು, ಕಾಯಿ ಒಡದ್ಲು, ಕೈ ಮುಗದು ಮತ್ತ ಚಾಲೂ ಮಾಡಿದ್ಲು. ನೋಡ್ತೇನಿ, ಹಳೇ ವಿಳಾಸ!

"ಯಾರೂ ಮುಟ್ಟಿಲ್ಲ ಅಂದಿದ್ರಲ್ರೀ?"

"ಪೂಜಾ ಮಾಡೂದು ಮುಟ್ಟಿದಂಗ ಏನ್ರೀ?" ಅಂದ್ರು ಮಾಲಕರು.

ಆಮ್ಯಾಲೆ ತಿಳೀತು, ವೈರಸ್ ಬರಬಾರದಂತ ಅವರು ಒಂದು ಸಾಫ್ಟ್‌ವೇರ್ ಹಾಕಿಸಿದ್ರು. ಮಷಿನ್ ಬಂದ್ ಮಾಡಿ ಹಚ್ಚಿದ್ರ ಅದು ನಾ ಹಾಕಿದ್ದನ್ನ ಅಳಿಸಿ ಎಲ್ಲಾ ಮೊದಲಿನಂಗ ಮಾಡ್ತಿತ್ತು. ಬಂದ್ ಮಾಡ್ತಿದ್ದದ್ದು ಅಮಾಸಿ ಪೂಜಾಕ್ಕ ಅಷ್ಟ! ಆ ಸಾಫ್ಟ್‌ವೇರ್ ತಗದು, ಹೊಸ ವಿಳಾಸ ಹಾಕಿದೆ.

ರಿಸಲ್ಟ್ ತೆರೀತು. ಹುಡುಗಿ ನಂಬರ್ ಹೊಡದು ಕಣ್ಣು ಮುಚ್ಚಿದ್ಲು. ಮಾಲಕರು ಬಗ್ಗಿ ಓದಿ, "ಪಾಸ್ ಆಗೀ ಮಗಳ!" ಅಂತ ಚೀರಿದ್ರು. ಅಪ್ಪ ಮಗಳು ಇಬ್ರೂ ಅತ್ರು. ನನ್ನ ಕಣ್ಣಾಗೂ ನೀರು ಬಂತು.

ಅಜ್ಜಿ ನನ್ನ ಬೆನ್ನಿಗೆ ಬಡದು, "ನೋಡಿದ್ಯಾ ನನ್ನ ಪೂಜಾ?" ಅಂದ್ಲು. ನಾ ಹೋಳಿಗಿಗೆ ಕೈ ಹಾಕಿದೆ.

ಮುಂದಿನ ಅಮಾಸಿ

ಫೋನ್ ಮಾಡಿದಾಕಿ ಅಜ್ಜಿನ. "ತಮ್ಮಾ, ಪೂಜಾ ಆತು, ನೆಟ್ ಛಲೋ ನಡದೈತಿ. ನೀ ಯಾಕ ಬಂದಿಲ್ಲ?"

"ಕೆಟ್ಟಿಲ್ಲಲ್ಲ ಅಜ್ಜಿ, ಬಂದು ಏನ್ ಮಾಡ್ಲಿ?"

"ಹೋಳಿಗಿ ಆರಾಕತ್ತಾವೋ! ಕೆಟ್ಟರ ಅಷ್ಟ ಬರಾಂವೇನು ನೀ? ತಡಿ ಹಂಗಾರ, ಈಗ ಕೆಡಸ್ತೇನಿ!"