ನಾನು ದಾಯಾದಿಗಳನ್ನು ಹುಡುಕಿ ತಂದದ್ದು

ನನಗೆ ಮೂರು ಭಾಷೆ ಬರುತ್ತದೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದ ಕಾಲವದು. ಮಧುಗಿರಿಯಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರ ಕೆಲಸ ಆಗಷ್ಟೇ ಸಿಕ್ಕಿತ್ತು. ಕನ್ನಡ ಹೇಗೂ ಮನೆಯದು. ಉರ್ದು ಶಿರಾದ ಅಂಗಡಿಗಳಲ್ಲಿ ಚೌಕಾಸಿ ಮಾಡುತ್ತ ಮಾಡುತ್ತ ಅಂಟಿಕೊಂಡದ್ದು. ಇನ್ನು ತೆಲುಗು? ಅದನ್ನು ಕಲಿಯುವ ಅಗತ್ಯವೇ ಇಲ್ಲ, ಕನ್ನಡದ ಮಾತಿಗೆ ಹಿಂದೆ ಒಂದು 'ಲು' ಹಚ್ಚಿದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಭಾಷೆಗೊಂದರಂತೆ ರಾಜ್ಯಗಳನ್ನು ಹಂಚಿಕೊಳ್ಳುತ್ತಿದ್ದ ದಿನಗಳು. ನನ್ನೊಬ್ಬನ ತಲೆಯೊಳಗೆ ಮೂರೂ ಜಗಳವಾಡದೆ ಕೂತಿವೆಯಲ್ಲ ಎಂದು ನನಗೆ ವಿಪರೀತ ಹೆಮ್ಮೆ.

ಆ ಹೆಮ್ಮೆಯನ್ನು ಹೊತ್ತುಕೊಂಡೇ ಅಮ್ಮನ ಜೊತೆ ಬರಗೂರಿಗೆ ಹೆಣ್ಣು ನೋಡಲು ಹೋದೆ. ಹುಡುಗಿ ಜಯಮ್ಮ. ನೋಡಿದ ಕೂಡಲೇ ಹಿಡಿಸಿಬಿಟ್ಟಳು. ಎಷ್ಟು ಹಿಡಿಸಿದಳೆಂದರೆ, ತಟ್ಟೆಯಲ್ಲಿದ್ದ ಚಕ್ಕುಲಿಯನ್ನು ಮುರಿಯುವ ಸದ್ದು ಅವಳಿಗೆ ಕೇಳೀತೆಂದು ಬಾಯಲ್ಲೇ ನೆನೆಸಿಟ್ಟುಕೊಂಡು ಕೂತಿದ್ದೆ. ಅವಳ ಅಪ್ಪ ರಂಗಪ್ಪನವರಿಗೂ ನಾನು ಒಪ್ಪಿಗೆಯಾದೆ. ಮಾತಿಗೆ ಮಾತು ಬಂದು ಅವರು ಕೇಳಿದರು:

"ಅಲ್ಲಾ ಮೇಷ್ಟ್ರೇ, ನಿಮ್ಮೋರು ಮೂಲದಾಗೆ ಯಾವೂರೋರು?"

"ಇಲ್ಲೇ ಮಧುಗಿರೀನೇ ಕಣಣ್ಣ" ಎಂದಳು ಅಮ್ಮ.

"ಆಯ್ತು ಬುಡಮ್ಮ" ಎಂದು ಅವರು ಎಲೆಗೆ ಸುಣ್ಣ ಹಚ್ಚತೊಡಗಿದರು.

ವಿಷಯ ಅಲ್ಲಿಗೆ ಮುಗಿದಿತ್ತು. ಮುಗಿಯಲು ನಾನು ಬಿಡಬೇಕಲ್ಲ! ಬಾಗಿಲ ಹಿಂದೆ ಜಯಮ್ಮ ನಿಂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, "ಅಮ್ಮನಿಗೆ ಗೊತ್ತಿಲ್ಲ. ನಮ್ಮ ವಂಶದ ಮೂಲವನ್ನು ನಾನೇ ಸಂಶೋಧನೆ ಮಾಡ್ತಿದೀನಿ. ಮೂರು ತಲೆಮಾರು ಸಾಕೋ, ಏಳು ತಲೆಮಾರು ಬೇಕೋ? ಮದುವೆ ಹೊತ್ತಿಗೆ ಪತ್ತೆ ಮಾಡಿ ಒಪ್ಪಿಸ್ತೀನಿ" ಎಂದು ಘೋಷಿಸಿದೆ. ಸಂಶೋಧನೆ ಶುರುವಾದದ್ದು ಆ ಕ್ಷಣದಲ್ಲೇ.

ಬಸ್ಸಿನಲ್ಲಿ ಅಮ್ಮ ತಲೆ ಚಚ್ಚಿಕೊಂಡಳು. "ನಿಮ್ಮ ತಾತ ಸಾಯೋಗಂಟ ಯಾವೂರು ಅಂತ ಬಾಯಿ ಬುಡ್ಲಿಲ್ಲ. ಅವ್ರೇ ಮುಚ್ಚಿಟ್ಟವ್ರೆ ಅಂದ್ಮೇಲೆ ಏನೋ ಐತೆ. ಹುಡುಕ್ಬ್ಯಾಡ ಕಣ್ಲಾ."

"ತಾತ ಮನೇಲಿ ಯಾವ ಭಾಷೆ ಮಾತಾಡ್ತಿದ್ರು?"

"ದೇವ್ರಿಗೆ ಕೈ ಮುಗಿಯೋವಾಗ ಕನ್ನಡ. ಯಾಪಾರಕ್ಕೆ ಸಾಬರ ಮಾತು. ಬೈಯೋದು ಮಾತ್ರ ತೆಲುಗ್ನಾಗೆ."

ಸಿಟ್ಟಿನ ಭಾಷೆಯೇ ಹುಟ್ಟಿನ ಭಾಷೆ ಎಂದು ನಾನು ಅಲ್ಲೇ ಒಂದು ಸಿದ್ಧಾಂತ ಕಟ್ಟಿದೆ. ಅದು ಸರಿಯಾಗಿತ್ತು ಎಂಬುದೇ ನನ್ನ ದುರದೃಷ್ಟ.

ತಾತ ಕಡಲೆಕಾಯಿ ವ್ಯಾಪಾರಕ್ಕೆ ಶಿರಾಕ್ಕೆ ಹೋದಾಗಲೆಲ್ಲ ಇಳಿದುಕೊಳ್ಳುತ್ತಿದ್ದದ್ದು ಗಫಾರ್ ಸಾಹೇಬರ ಅಪ್ಪನ ಬಟ್ಟೆ ಅಂಗಡಿಯಲ್ಲಿ. ಮುಂದಿನ ಭಾನುವಾರ ಅಲ್ಲಿಗೆ ಹೋದೆ. ಸಾಹೇಬರು ಮುದುಕರು, ಬಹಳ ಮರ್ಯಾದಸ್ಥರು. ನನ್ನ ಉರ್ದುವಿನಲ್ಲಿ ವಂಶದ ಪ್ರಶ್ನೆ ಎತ್ತಿದೆ. ಅವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿ, ಕೊನೆಗೆ ಕೈ ಎತ್ತಿದರು.

"ಮೇಷ್ಟ್ರೇ, ಕನ್ನಡದಾಗೇ ಹೇಳಿ. ನಿಮ್ಮ ಉರ್ದು ಕೇಳಿ ನಂಗೆ ಬಾಯಾರ್ತಾ ಐತೆ."

ಕನ್ನಡದಲ್ಲಿ ಹೇಳಿದೆ. ಅವರೂ ಕನ್ನಡದಲ್ಲಿ, ಪಾವಗಡದಾಚೆಯ ಒಂದು ಹಳ್ಳಿಯ ಹೆಸರು ಹೇಳಿದರು. ತಾತ ಅಲ್ಲಿಂದ ಒಬ್ಬರೇ ಬಂದವರೆಂದೂ, ಆ ಕಡೆಯ ಗಾಡಿಯವರು ಸಂತೆಗೆ ಬಂದರೆ ಬಟ್ಟೆ ಮೂಟೆಗಳ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದರೆಂದೂ ಸಾಹೇಬರ ಅಪ್ಪ ಹೇಳಿ ನಗುತ್ತಿದ್ದರಂತೆ. ಬುದ್ಧಿ ಇದ್ದವನಾಗಿದ್ದರೆ ಅಲ್ಲಿಂದಲೇ ಹಿಂದಿರುಗುತ್ತಿದ್ದ. ನಾನು ಪಾವಗಡದ ಬಸ್ಸು ಹತ್ತಿದೆ.

ಆ ಹಳ್ಳಿಯಲ್ಲಿ ಅತಿ ಹಿರಿಯರೆಂದು ನನ್ನನ್ನು ಕರೆದೊಯ್ದು ಕೂರಿಸಿದ್ದು ತಿಮ್ಮಪ್ಪ ತಾತನ ಜಗಲಿಯ ಮೇಲೆ. ತಾತನಿಗೆ ಕನ್ನಡ ಬಾರದು. ನನ್ನ 'ಲು' ತೆಲುಗು ಅವರಿಗೆ ಅರ್ಥವಾಗದು. ನನ್ನ ಮಾತಿನಲ್ಲಿ ನಮ್ಮ ತಾತನ ಹೆಸರೊಂದು ತಿಳಿದದ್ದೇ ತಡ, ಅವರು ದೊಡ್ಡದೊಂದು ಕಥೆ ಹೇಳತೊಡಗಿದರು. ಕೈ ಬೀಸಿದರು, ನಕ್ಕರು, ಎದೆ ತಟ್ಟಿಕೊಂಡರು. ಒಂದಕ್ಷರ ತಿಳಿಯದ ನಾನು ಪ್ರತಿ ಮಾತಿಗೂ ಗಂಭೀರವಾಗಿ "ಔನೌನು" ಎಂದು ತಲೆಯಾಡಿಸಿದೆ.

ಹೀಗೆ ಸಂಜೆಯಾಗುವುದರಲ್ಲಿತ್ತು. ಅಷ್ಟರಲ್ಲಿ ಪಾಳುಬಿದ್ದ ಪಕ್ಕದ ಮನೆಯ ಸೂರಿನ ಮೇಲೆ ತಾನಾಗಿ ಹಬ್ಬಿದ್ದ ಸೋರೆ ಬಳ್ಳಿ ಕಂಡಿತು. ನಮ್ಮ ಮನೆಯೊಳಕ್ಕೆ ಸೋರೆಕಾಯಿ ಬರುವ ಹಾಗಿಲ್ಲ, ಅದು ಕುಲಕ್ಕೆ ಆಗದು, ಯಾಕೆಂದು ಅಮ್ಮನಿಗೂ ಗೊತ್ತಿಲ್ಲ. ನಾನು ಆ ಕಾಯಿಯ ಕಡೆ ಬೆರಳು ತೋರಿಸಿ, ತಿನ್ನುವಂತೆ ಅಭಿನಯಿಸಿ, ತಾತನ ಕಡೆ ನೋಡಿದೆ. ತಾತ ಎರಡೂ ಕೆನ್ನೆ ಬಡಿದುಕೊಂಡು, ದೇವರ ಹೆಸರು ಹೇಳಿ, ಪಕ್ಕಕ್ಕೆ ಉಗಿದರು.

ನಾನೂ ಎದ್ದು ನಿಂತು ಕೆನ್ನೆ ಬಡಿದುಕೊಂಡೆ. ನಾನೂ ಉಗಿದೆ.

"ಮಾ ವಾಡೇ!" ಎಂದು ತಾತ ನನ್ನನ್ನು ಬಾಚಿ ತಬ್ಬಿಕೊಂಡರು. ನಮ್ಮವನೇ ಎಂದರ್ಥ. ಅದೊಂದು ಅರ್ಥವಾಯಿತು. ಇಬ್ಬರೂ ಅತ್ತೆವು. ಊರಿಗೆ ಊರೇ ನೆರೆಯಿತು. ನೆರೆದವರೆಲ್ಲ ನಮ್ಮವರೇ! ಒಂದೇ ಕುಲ, ಎಲ್ಲ ಒಬ್ಬನೇ ಮೂಲಪುರುಷನ ದಾಯಾದಿಗಳು. ನಾನು ಕಣ್ಣೊರೆಸಿಕೊಂಡು, ಪ್ರತಿಯೊಬ್ಬರಿಗೂ ನನ್ನ ಮಧುಗಿರಿಯ ಮನೆಯ ಗುರುತನ್ನು ಬಸ್ ಸ್ಟ್ಯಾಂಡಿನಿಂದ ಎಷ್ಟು ತಿರುವು ಎಂಬುದರ ಸಮೇತ ಹೇಳಿಕೊಟ್ಟು ಬಂದೆ.

ರಂಗಪ್ಪನವರಿಗೆ ನನ್ನ ಮೇಲೆ ಗೌರವ ಹೆಚ್ಚಾಯಿತು. ಜಯಮ್ಮನೂ ಸಂತೋಷಪಟ್ಟಳೆಂದು ಸುದ್ದಿ ಬಂತು. ಮದುವೆಗೆ ಚಪ್ಪರ ಹಾಕುವ ದಿನ ಬೆಳಿಗ್ಗೆ, ಹೆಗಲ ಮೇಲೆ ಟವೆಲ್ ಹಾಕಿಕೊಂಡ ದಷ್ಟಪುಷ್ಟ ಆಳೊಬ್ಬ ಬಾಗಿಲಲ್ಲಿ ನಿಂತಿದ್ದ. ಪಾವಗಡ ಕಡೆಯ ದಾಯಾದಿ, ನರಸಿಂಹುಲು. ನಾನು ಹೇಳಿದ ಗುರುತು ಎಷ್ಟು ಸ್ಪಷ್ಟವಾಗಿತ್ತೆಂದರೆ, ದಾರಿಯಲ್ಲಿ ಯಾರನ್ನೂ ಕೇಳದೆ ಬಂದಿದ್ದ.

"ತಿಮ್ಮಪ್ಪ ತಾತ ಪೋಯಿನಾಡು ಅನ್ನಾ. ನಿನ್ನ ನೋಡಿದ ಮೇಲೆ ಬೋ ಖುಸೀಗಿದ್ದ. ನೆಮ್ಮದಿಯಾಗಿ ಹೋಗ್ಬುಟ್ಟ."

ಅಮ್ಮ ಗೋಡೆಗೆ ಒರಗಿ ಕೂತಳು. ದಾಯಾದಿ ಸತ್ತರೆ ಸೂತಕ. ತಿಥಿ ಕಳೆಯುವ ತನಕ ಮನೆಯಲ್ಲಿ ಶುಭಕಾರ್ಯವಿಲ್ಲ, ಬೇರೆಯವರ ಶುಭಕಾರ್ಯಕ್ಕೆ ಹೋಗುವಂತೆಯೂ ಇಲ್ಲ. ಚಪ್ಪರದ ಗಳುಗಳು ಬಂದ ಗಾಡಿಯಲ್ಲೇ ವಾಪಸ್ಸು ಹೋದವು.

ಮತ್ತೊಂದು ಮುಹೂರ್ತ ಇಟ್ಟರು. ಅದರ ಹಿಂದಿನ ದಿನ ನರಸಿಂಹುಲು ನಗುತ್ತ ಬಂದ. ಈ ಸಲ ಒಳ್ಳೆಯ ಸುದ್ದಿ. ನಮ್ಮ ದಾಯಾದಿಗಳಲ್ಲಿ ಯಾರಿಗೋ ಗಂಡುಮಗು. ಮಗು ಹುಟ್ಟಿದರೆ ಪುರುಡು, ಅದೂ ಸೂತಕದ ತಂಗಿಯೇ. ಅಮ್ಮ ಅವನಿಗೆ ಮುದ್ದೆ ಬಡಿಸಿದಳು. ಬಡಿಸಿದ ರಭಸಕ್ಕೆ ತಟ್ಟೆ ಜಾರಿತು. ಅವನು ಉಣ್ಣುತ್ತ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೇಳಿದ:

"ತಿಮ್ಮಪ್ಪ ತಾತ ನಿಂಗೆಲ್ಲ ಹೇಳಿದ್ನಲ್ಲ ಅನ್ನಾ? ನೀನೂ ಔನೌನು ಅಂದ್ಯಂತೆ."

"ಏನು ಹೇಳಿದ್ದು?"

"ಅದೇ, ನಿಮ್ಮ ತಾತನ ಲಗ್ನದ ಸಮಾಚಾರ. ಇಟ್ಟ ಲಗ್ನ ಇಟ್ಟಂಗೇ ನಿಂತೋಗೋದಂತೆ. ಊರಾಗೆ ಇಷ್ಟು ಜನ ಇದ್ರೆ ಒಬ್ರು ಹುಟ್ಟೋದು ಒಬ್ರು ಸಾಯೋದು ಇದ್ದಿದ್ದೇ ತಾನೇ? ಕೊನೆಗೆ, ನಿಮ್ಮೋನು ಅಂತ ನನ್ನ ಹುಡುಕ್ಬೇಡಿ ಅಂತ ಹೇಳಿ ಓಡೋದನಂತೆ. ಇಲ್ಲಿ ಬಂದು ಮದ್ವೆ ಆದನಂತೆ."

ಅಮ್ಮ ನನ್ನ ಕಡೆ ನೋಡಿದಳು. ತಾತ ಒಂದು ಊರು, ಒಂದು ಭಾಷೆ, ಅಷ್ಟೂ ನೆಂಟಸ್ತಿಕೆಯನ್ನು ಬಿಟ್ಟು ಕಷ್ಟಪಟ್ಟು ಸಂಪಾದಿಸಿದ್ದ ಸ್ವಾತಂತ್ರ್ಯವನ್ನು, ಮೊಮ್ಮಗ ಒಂದು ಸೋರೆಕಾಯಿ ತೋರಿಸಿ ಕಳೆದಿದ್ದ.

ಮೂರನೆಯ ಮುಹೂರ್ತಕ್ಕೆ ನಾನು ಶಾಸ್ತ್ರದ ಮೊರೆಹೊಕ್ಕೆ. ದೂರದ ದಾಯಾದಿಯ ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲಷ್ಟೇ ಸೂತಕ, ಬೀಳುವ ತನಕ ಇಲ್ಲ ಎಂದು ಪುರೋಹಿತರು ಹೇಳಿದರು. ಹಾಗಾದರೆ ಕಿವಿಗೆ ಬೀಳಬಾರದು, ಅಷ್ಟೇ. ಪಾವಗಡದ ಬಸ್ಸು ಬರುವ ಹೊತ್ತಿಗೆ ಮನೆಯಲ್ಲಿ ಇರುವುದನ್ನೇ ಬಿಟ್ಟೆ. ಶಾಲೆಯಲ್ಲಿ ಯಾರಾದರೂ ತೆಲುಗಿನಲ್ಲಿ ಮಾತಾಡಿದರೆ ಎದ್ದು ಹೋಗುತ್ತಿದ್ದೆ.

ಮದುವೆಗೆ ಎರಡು ದಿನವಿರುವಾಗ ರಂಗಪ್ಪನವರು ಜವಳಿ ತೆಗೆಯಲು ಮಧುಗಿರಿಗೆ ಬಂದರು. ಅವರನ್ನು ಶಿರಾ ಬಸ್ಸಿಗೆ ಹತ್ತಿಸಲು ನಿಂತಿದ್ದೆ. ಪಾವಗಡದ ಬಸ್ಸು ಅಂದು ಬೇಗ ಬಂದುಬಿಟ್ಟಿತು. ಬಾಗಿಲಲ್ಲಿ ಆ ಟವೆಲ್ ಕಂಡದ್ದೇ ತಡ, ರಂಗಪ್ಪನವರ ರಟ್ಟೆ ಹಿಡಿದು ಕೊರಟಗೆರೆ ಬಸ್ಸಿನ ಹಿಂದಕ್ಕೆ ಎಳೆದೆ.

"ಯಾಕ್ ಮೇಷ್ಟ್ರೇ?"

"ಬಿಸಿಲು."

ನರಸಿಂಹುಲುವಿನ ಕಣ್ಣು ಚುರುಕು. ಅಷ್ಟು ದೂರದಿಂದಲೇ ಕೈ ಎತ್ತಿ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ತೆಲುಗಿನಲ್ಲಿ ಕೂಗಿದ. ಮೊದಲಾಗಿದ್ದರೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೆ ಅವನು ಬಂದು ಬಂದು, ಉಂಡು, ಮಲಗಿ, ಮಾತಾಡಿ, ನನ್ನ ತೆಲುಗು ಅಷ್ಟು ಹೊತ್ತಿಗೆ ಬಹಳ ಚೆನ್ನಾಗಿ ಆಗಿಬಿಟ್ಟಿತ್ತು. ವೆಂಕಟಮ್ಮಜ್ಜಿ ತೀರಿಕೊಂಡಳೆಂದು, ನಿನ್ನೆ ಸಂಜೆಯೆಂದು, ಕೊನೆಯಲ್ಲಿ ನೀರು ಕೇಳಿದಳೆಂದು, ಎಲ್ಲವೂ ಬಿಡಿಬಿಡಿಯಾಗಿ ಅರ್ಥವಾಯಿತು.

"ಏನಂತೆ ಅವ್ನು?" ಎಂದರು ರಂಗಪ್ಪನವರು.

"ಅವರ ಕಡೆ ಮಳೆ ಚೆನ್ನಾಗಿ ಆಗಿದೆಯಂತೆ."

ನರಸಿಂಹುಲು ಹತ್ತಿರ ಬಂದ. ನನ್ನ ಪೆಚ್ಚು ಮುಖ ನೋಡಿ, ಪಾಪ, ಇವನಿಗೆ ತಿಳಿಯಲಿಲ್ಲವೆಂದುಕೊಂಡ. ನಮ್ಮ ಮನೆಯ ಊಟದ ಋಣಕ್ಕೆ ಅವನ ಅರೆಬರೆ ಕನ್ನಡವೂ ಪೂರ್ತಿಯಾಗಿತ್ತು. ನಿಧಾನವಾಗಿ, ಒಂದೂ ತಪ್ಪಿಲ್ಲದೆ, ಇಬ್ಬರಿಗೂ ಕೇಳುವಂತೆ ಹೇಳಿದ: "ನಮ್ಮ ವೆಂಕಟಮ್ಮಜ್ಜಿ ತೀರ್ಕಂಡ್ಳು ಅನ್ನಾ."

ರಂಗಪ್ಪನವರು ಜವಳಿ ಗಂಟನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದರು.

"ಮೇಷ್ಟ್ರೇ, ನೀವು ಒಳ್ಳೇರು. ಆದ್ರೆ ನಿಮ್ಮೋರು ಜಾಸ್ತಿ ಆಗ್ಬುಟ್ರು" ಎಂದು ಬಸ್ಸು ಹತ್ತಿದರು.

ಜಯಮ್ಮನನ್ನು ಗೌಡಗೆರೆಯಲ್ಲಿ ನೆಲೆಸಿದ್ದ ಒಬ್ಬ ಹುಡುಗನಿಗೆ ಕೊಟ್ಟರು. ಕುಲ ಬೇರೆ ಎಂಬುದೊಂದು ಖಾತರಿಯಾದರೆ ಸಾಕಾಗಿತ್ತಂತೆ. ಹಿಂದೆ ಮುಂದೆ ಯಾರೂ ಇಲ್ಲದವನು. ಮೂಲ ಯಾವೂರು ಎಂದು ಇವರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನನಗೆ ಎಷ್ಟು ದುಃಖವಾಯಿತೆಂದು ಯಾವ ಭಾಷೆಯಲ್ಲಿ ಹೇಳಿದರೂ ಒಂದೇ. ಕೆಲವು ದಿನ ಅನ್ನ ಸೇರಲಿಲ್ಲ.

ಆದರೂ ರಂಗಪ್ಪನವರು ದೊಡ್ಡ ಮನುಷ್ಯರು. ಮನೆಗೇ ಬಂದು ಮದುವೆಗೆ ಕರೆದರು. ದೂರದಲ್ಲಿ ನಿಂತು ನಾಲ್ಕು ಅಕ್ಷತೆಯಾದರೂ ಹಾಕಿ, ಅವಳನ್ನು ಒಂದು ಸಲ ನೋಡಿ ಬಂದುಬಿಡೋಣವೆಂದು ಪಂಚೆಯನ್ನು ಇಸ್ತ್ರಿ ಮಾಡಿಸಿದೆ. ಹೊರಡಲು ಬಾಗಿಲು ತೆಗೆದರೆ ಜಗಲಿಯ ಮೇಲೆ ನರಸಿಂಹುಲು ಕೂತಿದ್ದ. ಅವನ ಹೆಂಡತಿಗೆ ಅವಳಿ ಮಕ್ಕಳು.

ಪಂಚೆ ಕಳಚಿ ಮಡಿಸಿಟ್ಟೆ. ನಮಗೆ ಪುರುಡು.