ಹೇಳಿಕೆಯಿಲ್ಲದ ಯುದ್ಧ

ನನ್ನ ಸೋದರಮಾವನಿಗೆ ಯುರೋಪಿನ ಅಷ್ಟೂ ದೇಶಗಳ ಮನಸ್ಸು ಗೊತ್ತು; ಗೊತ್ತಿಲ್ಲದ್ದು ನನ್ನ ಕಷ್ಟ ಒಂದೇ.

ಫಹಾಹೀಲಿನ ಹೋಟೆಲೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಈ ಒಂಟಿ ಜೀವ ನಮ್ಮ ಕರಾವಳಿಯ ಪದ್ಧತಿಯನ್ನು ಕುವೈತಿಗೂ ಹೊತ್ತು ತಂದಿದೆ. ಯಾವ ಕಾರ್ಯಕ್ರಮಕ್ಕಾದರೂ ಮನೆಗೇ ಬಂದು, ಕೂತು, ಬಾಯಿಬಿಟ್ಟು ಕರೆಯಬೇಕು. ಅದಕ್ಕೆ ನಮ್ಮಲ್ಲಿ ‘ಹೇಳಿಕೆ’ ಎನ್ನುತ್ತಾರೆ. ಮಗಳ ನಾಮಕರಣಕ್ಕೆ ವಾಟ್ಸಾಪಿನಲ್ಲಿ ಕರೆದ ತಪ್ಪಿಗೆ ಮಾವ ಮೇಲೆ ಬರಲಿಲ್ಲ. ಅಬ್ಬಾಸಿಯಾದಲ್ಲಿರುವ ನಮ್ಮ ಫ್ಲಾಟಿನ ಕೆಳಗೆ ಕಾರಿನಲ್ಲೇ ಕೂತು ಊಟ ತರಿಸಿಕೊಂಡರು. ಪಾಯಸದ ಮೇಲೆ ಅವರಿಗೆ ಸಿಟ್ಟಿರಲಿಲ್ಲವಂತೆ!

ಈಗ ಅಮೆರಿಕ ಶುರುಮಾಡಿದ ಯುದ್ಧ ನಮ್ಮ ತಲೆಯ ಮೇಲೆಯೇ ನಡೆದಿದೆ. ಸೈರನ್ ಕೂಗುತ್ತದೆ, ವಿಮಾನ ಬಂದ್. ಮಾವನ ಕೋಣೆ ಇರುವುದು ಎಣ್ಣೆ ಸ್ಥಾವರಗಳ ಹತ್ತಿರ. ನಮ್ಮಲ್ಲಿಗೆ ಬಂದುಬಿಡಿ ಎಂದು ಫೋನಿನಲ್ಲಿ ಅಂಗಲಾಚಿದರೆ ನನಗೆ ಸಿಕ್ಕಿದ್ದು ಪಾಠ.

"ಯುರೋಪಿನವರು ಒಬ್ಬೊಬ್ಬ ಒಂದೊಂದು ಯಾಕೆ ಹೇಳ್ತಾನೆ ಗೊತ್ತುಂಟಾ? ಅಮೆರಿಕದ ಹೇಳಿಕೆ ಸರಿ ಆಗ್ಲಿಲ್ಲ ಮಾರಾಯ. ಜಗಳ ಶುರು ಮಾಡಿ ಆಮೇಲೆ ಬನ್ನಿ ಅಂದ್ರೆ ಯಾರು ಬರ್ತಾರೆ? ಫ್ರಾನ್ಸಿಗೆ ತನ್ನನ್ನು ಮೊದಲೇ ಕೇಳ್ಲಿಲ್ಲ ಅಂತ ಸಿಟ್ಟು. ಸ್ಪೇನಿಗೆ ಊರಿನ ಜನ ಬೈತಾರೆ ಅಂತ ಹೆದರಿಕೆ."

"ಪೋಲೆಂಡ್?" ನಾನು ಕೇಳಬಾರದಿತ್ತು.

"ಅದರ ಬೇಲಿಯಾಚೆ ರಷ್ಯಾ ಉಂಟಲ್ವಾ? ನಾಳೆ ತನಗೇ ಜನ ಬೇಕು. ಅಮೆರಿಕಕ್ಕೆ ಇಲ್ಲ ಅನ್ಲಿಕ್ಕೆ ಆಗುದಿಲ್ಲ. ಇನ್ನು ಬ್ರಿಟನ್. ಅದಕ್ಕೆ ಬರ್ಲಿಕ್ಕೂ ಮನಸ್ಸುಂಟು, ಕೇಳಿದವರ ಹತ್ರ ಊಟ ಮಾಡ್ಲಿಲ್ಲ ಅಂತ ಹೇಳ್ಲಿಕ್ಕೂ ಆಗ್ಬೇಕು."

"ಮಾವ, ಕಾರು ತರ್ಲಾ?"

"ಜರ್ಮನಿದ್ದು ಹೇಳಿ ಆಗ್ಲಿಲ್ಲ."

ಮರುದಿನ ಬೆಳಿಗ್ಗೆ ಹಣೆ ಚಚ್ಚಿಕೊಂಡು, ಹೆಂಡತಿ ಮಗಳನ್ನೂ ಕರೆದುಕೊಂಡು ಫಹಾಹೀಲಿಗೆ ಹೋದೆ. ಅವರ ಮಂಚದ ತುದಿಯಲ್ಲಿ ಕೂತು ಕ್ರಮಪ್ರಕಾರ ಹೇಳಿಕೆ ಕೊಟ್ಟೆವು. ಮಾವ ಖುಷಿಪಟ್ಟರು, ಚಹಾ ಕೊಟ್ಟರು, ಬರುವುದಿಲ್ಲ ಎಂದರು.

ನನಗೆ ರೇಗಿಹೋಯಿತು. "ಇನ್ನೆಂತ ಬೇಕು ನಿಮಗೆ? ವಾಲಗ ತರಿಸ್ಬೇಕಾ?"

ಅವರು ಲೋಟ ಕೆಳಗಿಟ್ಟರು. ಈ ಸಲ ಯಾವ ದೇಶದ ಹೆಸರೂ ಬರಲಿಲ್ಲ.

"ನಿನ್ನ ಅಮ್ಮನಿಗೆ ಇರುದು ಒಬ್ಬ ಮಗ, ಒಬ್ಬ ತಮ್ಮ. ಇಬ್ಬರೂ ಇಲ್ಲೇ ಇದ್ದೇವೆ. ಒಂದೇ ಮನೆಯಲ್ಲಿದ್ದು ಎಂತಾದ್ರೂ ಆದ್ರೆ? ಅಕ್ಕನಿಗೆ ಒಬ್ಬನಾದ್ರೂ ಉಳಿಬೇಡ್ವಾ?"

ನನ್ನ ಸಿಟ್ಟೆಲ್ಲ ಕರಗಿತು. ಹಾಗಾದರೆ ನೀವು ನಮ್ಮ ಫ್ಲಾಟಿನಲ್ಲಿರಿ, ನಾನಿಲ್ಲಿರುತ್ತೇನೆ ಎನ್ನಬೇಕೆನಿಸಿತು. ಪಕ್ಕದಲ್ಲಿ ಹೆಂಡತಿ, ಅವಳ ಮಡಿಲಲ್ಲಿ ಮಗಳು. ಹೇಳಲಾಗಲಿಲ್ಲ. ಮಾವ ಅದನ್ನು ಕೇಳಿಸಿಕೊಂಡವರಂತೆ ನನ್ನ ಬೆನ್ನು ತಟ್ಟಿ, "ಹೊರಡು, ಮಗುವಿಗೆ ನಿದ್ದೆ ಬಂತು" ಎಂದರು.