ಕಿವಿಯಲ್ಲಿ ಹತ್ತಿ, ಬಾಯಲ್ಲಿ ಹೂಂ

ಎಲ್ಲಕ್ಕೂ ಕಾರಣ ಔಷಧದ ಡಬ್ಬಿಯಲ್ಲಿದ್ದ ಎರಡು ಉಂಡೆ ಹತ್ತಿ.

ಒತ್ತಕ್ಷರ ಮಾಸ್ತರು ಪತ್ರಿಕಾ ಕಚೇರಿಯೊಂದರಲ್ಲಿ ಪ್ರೂಫ್ ನೋಡುವವರು. ಎಂದೂ ಪಾಠ ಹೇಳಿದವರಲ್ಲ. ಮದುವೆಯ ಕರೆಯೋಲೆ ಕೊಟ್ಟರೂ ಮೊದಲು ಅದರ ತಪ್ಪು ತಿದ್ದುತ್ತಿದ್ದುದರಿಂದ ಅಂಟಿದ ಹೆಸರು. ಅಂಥವರು ಹನ್ನೊಂದು ವಾರದಿಂದ ಒಂದು ವಿದೇಶಿ ಧಾರಾವಾಹಿಗೆ ಮರುಳಾಗಿದ್ದರು. ಅದರಲ್ಲೊಬ್ಬ ಪ್ರಧಾನಿ, ಅವನ ಬೆನ್ನು ಬಿಡದ ಒಬ್ಬಳು ವರದಿಗಾರ್ತಿ. ಪ್ರಧಾನಿ ಮನೆಯಲ್ಲಿ ಪಿಸುಗುಟ್ಟಿದ್ದು ಮರುದಿನ ಅವಳ ಪತ್ರಿಕೆಯ ಮುಖಪುಟದಲ್ಲಿ! ಗುಟ್ಟು ಬಿಟ್ಟುಕೊಡುತ್ತಿದ್ದವರು ಯಾರು? ನಿನ್ನೆ ಕೊನೆಯ ಕಂತು. ವರದಿಗಾರ್ತಿ ಆ ಹೆಸರು ಹೇಳಲು ಬಾಯಿ ತೆರೆದಳು, ಮಾಸ್ತರ ಮನೆಯ ಕರೆಂಟು ಹೋಯಿತು.

ಮರುಪ್ರಸಾರ ಇವತ್ತು ಸಂಜೆ ಆರೂವರೆಗೆ. ಅಲ್ಲಿಯವರೆಗೆ ಆ ಹೆಸರು ಕಿವಿಗೆ ಬೀಳಬಾರದು. ಮನೆಯವರ ಭಯವಿರಲಿಲ್ಲ. ಹೆಂಡತಿ ರಾಜಕೀಯವೆಂದರೆ ಎದ್ದು ಹೋಗುತ್ತಾಳೆ, ಅತ್ತೆಗೆ ಆ ಭಾಷೆಯ ಗಂಧಗಾಳಿಯಿಲ್ಲ. ಆಫೀಸಿನವರು ಮಾತ್ರ ಒಬ್ಬರೂ ಬಿಡದೆ ನೋಡಿರುತ್ತಾರೆಂದು ಅವರ ಗುಮಾನಿ.

ಹತ್ತಿ ತುರುಕಿಕೊಳ್ಳುವುದನ್ನು ನೋಡಿ ಹೆಂಡತಿ ಕೇಳಿದಳು, "ಕಿವಿ ನೋವಾ?"

"ಹೂಂ," ಅಂದರು ಮಾಸ್ತರು. ಅದು ಆ ದಿನದ ಮೊದಲ ಹೂಂ.

ಪ್ರೂಫ್ ಕೋಣೆಯಲ್ಲಿ ಕೆಲಸ ಇಬ್ಬರದು. ಎಲ್ಲರೂ ಅಕ್ಕ ಎಂದು ಕರೆಯುವ ಸಹೋದ್ಯೋಗಿ ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಮಾಸ್ತರು ಅಚ್ಚಿನ ಹಾಳೆಯ ಮೇಲೆ ಪೆನ್ನು ಓಡಿಸುತ್ತ ಸಾಲಿಗೊಂದು "ಹೂಂ" ಅನ್ನಬೇಕು. ಹೂಂ ಬೀಳದೆ ಅಕ್ಕ ಮುಂದಿನ ಸಾಲಿಗೆ ಹೋಗುವವಳಲ್ಲ. ಇವತ್ತು ಮಾಸ್ತರಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಅವಳ ತುಟಿ ನಿಂತಾಗಲೆಲ್ಲ "ಹೂಂ" ಅನ್ನುತ್ತ ಹೋದರು. ಕೆಲಸ ಎಂದಿಗಿಂತ ಚುರುಕಾಗಿಯೇ ಸಾಗಿತು.

ಹನ್ನೊಂದರ ಹೊತ್ತಿಗೆ ಅಕ್ಕ ಬೆವರು ಒರೆಸಿಕೊಂಡು ಬೋಳು ಸೂರನ್ನು ನೋಡಿದಳು.

"ಆರು ವರ್ಷದಿಂದ ಒಂದು ಫ್ಯಾನ್ ಕೇಳ್ತಿದೀವಿ ಮಾಸ್ತರೇ. ಯಜಮಾನ್ರು ಕಿವಿಗೇ ಹಾಕ್ಕೊಳ್ತಿಲ್ಲ. ಏನಾದ್ರೂ ಹೋರಾಟ ಮಾಡೋಣ್ವಾ?"

"ಹೂಂ."

ಅಕ್ಕನಿಗೆ ಬೆರಗಾಯಿತು. "ನೀವೇ ಮುಂದೆ ನಿಲ್ತೀರಾ?"

"ಹೂಂ."

"ಉಪವಾಸ ಕೂತ್ಕೋತೀರಾ?"

"ಹೂಂ."

"ಅಯ್ಯೋ, ಇವತ್ತೇನಾ?"

"ಹೂಂ, ಹೂಂ, ಮುಂದೆ ಓದಿ," ಎಂದು ಮಾಸ್ತರು ರೇಗಿದರು.

ಊಟದ ಹೊತ್ತಿಗೆ ಸುದ್ದಿ ಅಚ್ಚಿನ ಮನೆಯವರೆಗೂ ಹೋಗಿತ್ತು. ಮಶೀನಿನವರು ಬಂದು ಕೈ ಕುಲುಕಿದರು, ಯಾರೋ ಬೆನ್ನು ತಟ್ಟಿದರು, ಒಬ್ಬರು ಕಣ್ಣೊರೆಸಿಕೊಂಡರು. ಎಲ್ಲರ ತುಟಿಯೂ ಆಡುತ್ತಿತ್ತು. ಇವರೆಲ್ಲ ಕೊನೆಯ ಕಂತಿನ ಕತೆಯನ್ನೇ ಹೇಳುತ್ತಿದ್ದಾರೆಂದು ಮಾಸ್ತರು ಹತ್ತಿಯನ್ನು ಇನ್ನಷ್ಟು ಒಳಕ್ಕೆ ಒತ್ತಿಕೊಂಡರು.

ಮೂರು ಗಂಟೆಗೆ ಕರಪತ್ರದ ಪ್ರೂಫ್ ಅವರ ಮೇಜಿಗೇ ಬಂತು. "ಫ್ಯಾನಿಗಾಗಿ ನಮ್ಮ ಹಿರಿಯ ಪ್ರೂಫ್ ರೀಡರ್ ಅವರಿಂದ ಅಮರಣ ಉಪವಾಸ. ಇಂದು ಸಂಜೆ ಐದಕ್ಕೆ." ಪಳಗಿದ ಪ್ರೂಫ್ ರೀಡರ್ ಪದ ನೋಡುತ್ತಾನೆಯೇ ಹೊರತು ಸುದ್ದಿ ನೋಡುವುದಿಲ್ಲ. ಮಾಸ್ತರ ಕಣ್ಣು ನೇರವಾಗಿ 'ಅಮರಣ'ದ ಮೇಲೆ ಬಿದ್ದು ಕೆಂಪಾಯಿತು. ಸಾಯುವವರೆಗೆ ಅನ್ನಬೇಕಾದಲ್ಲಿ ಸಾವೇ ಇಲ್ಲ ಅಂತ ಬರೆದಿದ್ದಾರಲ್ಲ, ಎಂಥ ಜನ! ದೀರ್ಘ ಕೊಟ್ಟು 'ಆಮರಣ' ಮಾಡಿ, ಸಹಿ ಹಾಕಿ ಕಳಿಸಿದರು. ಕರಪತ್ರ ಬೀದಿ ಬೀದಿಗೆ ಹಂಚಿಕೆಯಾಯಿತು.

ಐದು ಗಂಟೆಗೆ ಚೀಲ ಹೆಗಲಿಗೇರಿಸಿ ಹೊರಟವರನ್ನು ನಾಲ್ಕು ಜನ ಎತ್ತಿಕೊಂಡು ಹೋಗಿ ಮೆಟ್ಟಿಲ ಬಳಿಯ ಚಾಪೆಯ ಮೇಲೆ ಕೂರಿಸಿದರು. ಎದುರು ಗೋಡೆಗೆ ಅಂಟಿಸಿದ್ದ ಕರಪತ್ರದಲ್ಲಿ ಮಾಸ್ತರಿಗೆ ತಾವೇ ಕೊಟ್ಟ ದೀರ್ಘ ಕಂಡಿತು. ಹತ್ತಿ ಕಿತ್ತೆಸೆದರು.

"ಇದಕ್ಕೆ ನಾನ್ಯಾವಾಗ ಒಪ್ಪಿದೆ?"

"ಮಾತಿಗೊಂದು ಹೂಂ ಅಂದ್ರಲ್ಲ!" ಅಂದಳು ಅಕ್ಕ.

"ಕಿವೀಲಿ ಹತ್ತಿ ಇತ್ತು ಅಕ್ಕಾ! ಆ ಧಾರಾವಾಹಿ ಕೊನೇಲಿ ಏನಾಯ್ತು ಅಂತ ನೀವು ಯಾರಾದ್ರೂ ಬಾಯಿ ಬಿಟ್ರೆ ಅಂತ..."

"ಯಾವ ಧಾರಾವಾಹಿ?"

ಅಲ್ಲಿದ್ದವರಲ್ಲಿ ಒಬ್ಬರಿಗೂ ಅದರ ಹೆಸರೇ ಗೊತ್ತಿರಲಿಲ್ಲ.

"ಹಾಗಾದ್ರೆ ಬಿಡಿ, ಆರೂವರೆಗೆ ನಾನು ಮನೇಲಿರ್ಬೇಕು."

"ಅದು ಹೇಗೆ ಬಿಡೋದು? 'ಅಮರಣ' ಅಂತಿದ್ದಾಗ್ಲೇ ಸುಮ್ನಿದ್ದಿದ್ರೆ ಎದ್ದು ಹೋಗ್ಬಹುದಿತ್ತು. ತಿದ್ದಿದೋರು ನೀವೇ."

ಆರೂ ಹತ್ತಕ್ಕೆ ಯಜಮಾನರೇ ದಡಬಡ ಇಳಿದು ಬಂದರು. "ಒಂದು ಫ್ಯಾನಿಗೆ ಪ್ರಾಣ ಬಿಡ್ತಾರೇನ್ರೀ? ನಾಳೆ ಬೆಳಿಗ್ಗೆನೇ ಹಾಕಿಸ್ತೀನಿ, ಏಳಿ ಮಾರಾಯ್ರೆ!"

ಜೈಕಾರ ಮುಗಿಯುವ ಮೊದಲೇ ಮಾಸ್ತರು ಎದ್ದು ಓಟ ಕಿತ್ತರು. ಮನೆ ಹತ್ತೇ ನಿಮಿಷದ ದಾರಿ. ಇನ್ನೂ ಸಮಯವಿದೆ! ಬೀದಿಯ ತಿರುವಿನಲ್ಲಿ ಎದುರಿಗೆ ಅತ್ತೆ, ಕೈಯಲ್ಲಿ ಕರಪತ್ರ ಹಿಡಿದು ಏದುಸಿರು ಬಿಡುತ್ತ ಬರುತ್ತಿದ್ದರು.

"ಅಳಿಯಂದ್ರೇ! ಸದ್ಯ, ಜೀವ ಇದೆಯಲ್ಲ! ಆ ಸೀರಿಯಲ್ ಕೊನೆ ತಿಳ್ಕೊಳ್ದೇನೇ ಹೋಗ್ಬಿಡ್ತೀರಲ್ಲಾ ಅಂತ ನನ್ನ ಹೊಟ್ಟೆ ಉರೀತು. ಮಧ್ಯಾಹ್ನಾನೂ ಹಾಕಿದ್ರು, ಕೂತ್ಕೊಂಡು ನೋಡ್ದೆ. ಹೇಳ್ಬಿಡೋಣ ಅಂತ ಓಡಿ ಬಂದೆ."

"ಅತ್ತೇ, ಬೇಡ! ದಮ್ಮಯ್ಯ!" ಮಾಸ್ತರು ಜೇಬು ತಡಕಾಡಿದರು. ಹತ್ತಿ ಚಾಪೆಯ ಹತ್ತಿರ ಬಿದ್ದಿತ್ತು.

"ಭಾಷೆ ಬರ್ದಿದ್ರೇನು, ಮುಖ ನೋಡಿದ್ರೆ ಗೊತ್ತಾಗಲ್ವಾ? ಮನೆ ಗುಟ್ಟನ್ನೆಲ್ಲ ಪತ್ರಿಕೆಗೆ ಹೇಳ್ತಿದ್ದೋಳು ಬೇರೆ ಯಾರೂ ಅಲ್ಲ, ಪ್ರಧಾನಿಯ ಅತ್ತೆ!"

ಮಾಸ್ತರು ಪಕ್ಕದ ಜಗುಲಿಯ ಮೇಲೆ ಕುಸಿದು ಕೂತರು. ಹನ್ನೊಂದು ವಾರ ಕಾದದ್ದು ಒಂದೇ ಉಸಿರಿಗೆ ಮುಗಿದುಹೋಗಿತ್ತು.

ಅತ್ತೆ ಪ್ರೀತಿಯಿಂದ ಸೆರಗಿನಲ್ಲಿ ಗಾಳಿ ಬೀಸುತ್ತ ಕೇಳಿದರು, "ಅವಳ ಮೇಲೆ ಒಬ್ರಿಗೂ ಅನುಮಾನಾನೇ ಬಂದಿರ್ಲಿಲ್ಲ, ಅಲ್ವಾ?"

"ಹೂಂ," ಅಂದರು ಮಾಸ್ತರು.